ಓದುವವನ ಮೊರ

ಅಕ್ಕಿಹಿಟ್ಟಿನ ಪುಟ್ಟು ಬೇಯಿಸುವ ಕೊಳವೆ ಒಲೆಯ ಮೇಲಿತ್ತು. ಆವಿ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು. ಅಷ್ಟರಲ್ಲಿ ರಜಿಲ ಮಹಡಿ ಹತ್ತಿ, ಗಂಡನ ಕೋಣೆಯ ಬಾಗಿಲು ತಳ್ಳಿ, ನಿಂತುಕೊಂಡೇ ಕಂಪ್ಯೂಟರಿನಿಂದ ನಾಲ್ಕು ಹೊಲಸು ಬರಹಗಳನ್ನು ಅಳಿಸಿದಳು. ಐದನೆಯದು ಹೊಲಸಲ್ಲ, ದೂರು. 'ಇವತ್ತೂ ಚಿತ್ರ ಏರುತ್ತಿಲ್ಲ. ಯಾರಾದರೂ ಇದ್ದೀರಾ?'

“ನೀರು ಬತ್ತಿ ಪಾತ್ರೆ ತಳ ಹಿಡೀತಾ ಇದೆ,” ಕೆಳಗಿನಿಂದ ಅತ್ತೆ ಮಾಧವಿಯ ದನಿ.

“ಹಿಡೀಲಿ.”

“ಪಾತ್ರೆ ಉಜ್ಜೋಳು ನಾನು.”

ಮೇಜಿನ ಕೆಳಗೆ ಹಳೆಯ ಕಂಪ್ಯೂಟರ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅದರ ಬೆನ್ನಿಗೆ ಮನೆಯ ಒಂದೇ ಒಂದು ಟೇಬಲ್ ಫ್ಯಾನು ಮುಖ ಮಾಡಿ ನಿಂತಿತ್ತು. ಪಯ್ಯನ್ನೂರಿನಲ್ಲಿ ಆ ವರ್ಷ ಜನವರಿಯಲ್ಲೇ ಸೆಕೆ ಶುರುವಾಗಿತ್ತು.

ಅವಳು ಇಳಿದು ಬಂದಾಗ ಮಾಧವಿ ಪುಟ್ಟನ್ನು ತಟ್ಟೆಗೆ ನೂಕುತ್ತಿದ್ದರು. ಅರವತ್ತೇಳು ವರ್ಷ. ಹನ್ನೆರಡನೇ ವಯಸ್ಸಿನಿಂದ ಬೀಡಿ ಕಟ್ಟಿದ ಬೆರಳುಗಳು ಈಗಲೂ ಸುಮ್ಮನಿರುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಸೀರೆಯ ಸೆರಗನ್ನಾದರೂ ಸುರುಳಿ ಸುತ್ತುತ್ತಿದ್ದವು.

“ಡಬ್ಬಕ್ಕೆ ಫ್ಯಾನು, ನನಗೆ ಬೀಸಣಿಗೆ,” ಅಂದರು. “ರಾತ್ರಿಯೆಲ್ಲ ಬೆವರಿ ಹಾಸಿಗೆ ಒದ್ದೆ. ನಾನೂ ಒಂದು ಗುಂಯ್ ಅನ್ನೋ ಶಬ್ದ ಮಾಡಿದ್ರೆ ಯಾರಾದ್ರೂ ತಂದಿಡ್ತಿದ್ರೇನೋ.”

“ಅಚ್ಛಮ್ಮ ಗೊರಕೆ ಹೊಡೀತಾರಲ್ಲ, ಅದೂ ಗುಂಯ್ ಅನ್ನತ್ತೆ,” ಅಂದಳು ಒಂಬತ್ತು ವರ್ಷದ ಮಗಳು ಅಮೇಯ. ಅಜ್ಜಿ ಅವಳ ತಟ್ಟೆಗೆ ಕಡಲೆ ಸಾರು ಸುರಿದು, ತಲೆಗೊಂದು ಮೊಟಕಿದರು.

ಆ ಡಬ್ಬದೊಳಗೆ ಇದ್ದದ್ದು ಕೋಲಾಯ. ಈ ಕಡೆ ಮನೆಯ ಮುಂದಿನ ಜಗಲಿಗೆ ಹಾಗೆನ್ನುತ್ತಾರೆ. ರಜಿಲಳ ಗಂಡ ಶೈಜಿತ್ ತನ್ನ ಸಾಮಾಜಿಕ ಜಾಲಕ್ಕೆ ಅದೇ ಹೆಸರಿಟ್ಟಿದ್ದ. ದೊಡ್ಡ ಕಂಪನಿಗಳ ಜಾಲದಲ್ಲಿ ಜನರನ್ನು ಮಾರುತ್ತಾರೆ, ನಮ್ಮ ಮಾತಿಗೆ ನಮ್ಮದೇ ಜಗಲಿ ಬೇಕು ಎನ್ನುತ್ತಿದ್ದ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಯಾರೂ ಬೆಲೆ ಕೊಡಬೇಕಿಲ್ಲದ ತಂತ್ರಾಂಶ ಹಾಕಿ, ಶಾಲೆಗಳ ಕಂಪ್ಯೂಟರ್ ರಿಪೇರಿ ಮಾಡುತ್ತಾ ಉಳಿದ ಬಿಡಿಭಾಗಗಳಿಂದ ಅದನ್ನು ಕಟ್ಟಿದ್ದ. ಇಂಥ ಜಗಲಿಗಳು ಲೋಕದಲ್ಲೆಲ್ಲ ಇವೆ. ಒಂದು ಜಗಲಿಯವರು ಇನ್ನೊಂದರವರ ಜೊತೆ ಮಾತಾಡಬಹುದು. ಮನಸ್ಸಾದರೆ ಅಲ್ಲಿಗೇ ಎದ್ದು ಹೋಗಬಹುದು. ಎದ್ದು ಹೋದವರ ಹಿಂದೆ ಅವರ ಕೇಳುಗರು ಹೋಗುತ್ತಾರೆ, ಬರೆದದ್ದು ಮಾತ್ರ ಹಳೆಯ ಜಗಲಿಯಲ್ಲೇ ಉಳಿಯುತ್ತದೆ. ಕೋಲಾಯದಲ್ಲಿ ಆರುನೂರ ಹತ್ತು ಜನ ಇದ್ದರು.

ಹದಿನಾರು ತಿಂಗಳ ಹಿಂದೆ ಪೆರುಂಬ ಸೇತುವೆಯ ತಿರುವಿನಲ್ಲಿ ಶೈಜಿತ್‌ನ ಬೈಕಿಗೆ ಲಾರಿ ಗುದ್ದಿತು. ಹನ್ನೊಂದನೇ ದಿನ, ಸಮಾಧಾನ ಹೇಳಲು ಬಂದ ಅವನ ಹಳೆಯ ಮೇಷ್ಟ್ರು ವೇಣು ಮಾಷ್ ಚಹಾ ಕುಡಿದು ಗಂಟಲು ಸರಿಮಾಡಿಕೊಂಡು, ಮಗಳನ್ನು ಕರೆಯುವ ಹಾಗೆ ಮೋಳೇ ಎನ್ನುತ್ತಾ ಕೇಳಿದ್ದರು: “ಎರಡನೇ ಕೀಲಿ ನಿನ್ನ ಹತ್ರ ಇದೆಯಂತಲ್ಲ ಮೋಳೇ?”

ಅದು ಇಂಥ ಜಗಲಿಗಳ ಕಟ್ಟಳೆ. ಜಗಲಿ ನಡೆಸುವವನು ತನಗೇನಾದರೂ ಆದರೆ ಬಾಗಿಲು ತೆರೆಯುವ ಇನ್ನೊಬ್ಬರನ್ನು ಹೆಸರಿಸಬೇಕು. ಮುಚ್ಚುವುದಾದರೆ ಮೂರು ತಿಂಗಳು ಮೊದಲು ಹೇಳಬೇಕು. ಶೈಜಿತ್ ಮೊದಲ ಕಟ್ಟಳೆಗೆ ಹೆಂಡತಿಯ ಹೆಸರು ಬರೆದು ಖಾಲಿ ಜಾಗ ತುಂಬಿದ್ದ. ಅವಳಿಗೆ ಹೇಳಿರಲಿಲ್ಲ. ಗುಪ್ತಪದ ಬರೆದ ಚೀಟಿ ಪಡಿತರ ಚೀಟಿಯ ಪ್ಲಾಸ್ಟಿಕ್ ಕವರಿನೊಳಗೆ ಸಿಕ್ಕಿತು.

ಅಂದಿನಿಂದ ಅವಳು ಐದಕ್ಕೆ ಎದ್ದು ಕೋಲಾಯ ನೋಡುತ್ತಿದ್ದಳು. ಆಮೇಲೆ ಅಡುಗೆ, ಆಮೇಲೆ ಶಾಲೆ. ಸರ್ಕಾರಿ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಶೈಜಿತ್ ಸತ್ತ ದಿನ ಕೋಲಾಯದ ತುಂಬ ಮೇಣದಬತ್ತಿಯ ಚಿತ್ರಗಳು. ಎರಡನೇ ವಾರದಿಂದ ದೂರು.

*

ಭಾನುವಾರ ಮಧ್ಯಾಹ್ನ ಮೈದುನ ಪ್ರಜಿಲ್ ಕಲ್ಲುಮ್ಮಕ್ಕಾಯಿ ಎಂಬ ಕಡಲ ಚಿಪ್ಪು ತಂದ. ಚಿಪ್ಪು ಬಿಡಿಸಿ, ಅಕ್ಕಿ ಹಿಟ್ಟು ತುಂಬಿ, ಬೇಯಿಸಿ, ಮಸಾಲೆ ಹಚ್ಚಿ ಕರಿಯುವವರೆಗೂ ಮಾಧವಿಯ ಕೈಗಳ ಮೇಲೆ ಅವನ ಫೋನು ತೂಗಾಡುತ್ತಿತ್ತು. 'ಮಾಧವಿಯಮ್ಮನ ಅಡುಗೆ' ಎಂದು ದೊಡ್ಡ ಕಂಪನಿಯ ಜಾಲದಲ್ಲಿ ಅವನು ಪುಟ ಮಾಡಿದ್ದ. ಲಕ್ಷ ಜನ ನೋಡುತ್ತಿದ್ದರು.

“ನಗಮ್ಮ ಸ್ವಲ್ಪ.”

“ಎಣ್ಣೆ ಸಿಡೀತಿದೆ. ನೀನು ನಗು.”

ಊಟಕ್ಕೆ ಕೂತ ಮೇಲೆ ಅವನು ವಿಷಯಕ್ಕೆ ಬಂದ. “ಏಡತ್ತೀ, ಮೇಲಿನ ಕೋಣೆ ನನಗೆ ಬೇಕು. ಕೆಳಗಡೆ ಬೆಳಕು ಸಾಲಲ್ಲ. ಅಲ್ಲೊಂದು ಗ್ಯಾಸ್ ಒಲೆ ಇಟ್ರೆ ಅಮ್ಮನ ವಿಡಿಯೊ ಚೆನ್ನಾಗಿ ಬರತ್ತೆ.” ಅತ್ತಿಗೆಯನ್ನು ಅವನು ಏಡತ್ತಿ ಅಂತಲೇ ಕರೆಯುತ್ತಿದ್ದದ್ದು, ಜಗಳವಾಡುವಾಗ ಕೂಡ.

“ಅಲ್ಲಿ ಕೋಲಾಯ ಇದೆ.”

“ಆರುನೂರು ಜನ. ನನ್ನ ಒಂದು ಮೀನು ಸಾರಿಗೆ ಅದಕ್ಕಿಂತ ಹೆಚ್ಚು ಜನ ಬೈದಿದ್ದಾರೆ.”

ಅಮೇಯ ನಕ್ಕಳು. ರಜಿಲ ನಗಲಿಲ್ಲ.

“ಅಣ್ಣನ ನೆನಪಿಗೆ ನಾನೂ ಒಂದು ಪುಟ ಮಾಡಿದ್ದೀನಲ್ಲ. ಅಲ್ಲಿ ಯಾರೂ ಐದಕ್ಕೆ ಏಳಬೇಕಾಗಿಲ್ಲ. ನೋಡಿ ಬೇಕಾದ್ರೆ.” ಅವನು ಫೋನನ್ನು ಅವಳ ತಟ್ಟೆಯ ಪಕ್ಕ ಇಟ್ಟ.

ಮದುವೆಯ ಫೋಟೊದಲ್ಲಿ ಶೈಜಿತ್ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅದರ ಕೆಳಗೆ, ಅಂಟಿಕೊಂಡಂತೆ, ಒಂದು ಜಾಹೀರಾತು. ಬೈಕು, ಹೆಲ್ಮೆಟ್ಟು ತೊಟ್ಟು ನಗುವ ಹುಡುಗ. 'ನಾಳೆ ಏನೆಂದು ಯಾರಿಗೆ ಗೊತ್ತು? ಇಂದೇ ವಿಮೆ ಮಾಡಿಸಿ.'

ರಜಿಲ ತಟ್ಟೆ ಹಿಡಿದು ಎದ್ದಳು.

“ಅದು ನಾನು ಹಾಕಿದ್ದಲ್ಲ ಏಡತ್ತಿ. ಯಂತ್ರ ತಾನಾಗೇ ಹಾಕತ್ತೆ.”

“ಗೊತ್ತು.”

“ಮತ್ತೆ ನನ್ನ ಮೇಲ್ಯಾಕೆ ಮುಖ?”

“ಯಂತ್ರಕ್ಕೆ ಮುಖ ತೋರಿಸೋಕಾಗಲ್ಲ, ಅದಕ್ಕೆ.”

ಮಾಧವಿ ಫೋನನ್ನು ಎಳೆದುಕೊಂಡು ಜಾಹೀರಾತನ್ನು ಓದಿದರು. ಎಣ್ಣೆ ಹತ್ತಿದ ಬೆರಳಿನಿಂದ ಅದನ್ನು ಒರೆಸಲು ನೋಡಿದರು. ಅದು ಹೋಗಲಿಲ್ಲ, ಒತ್ತಿದ್ದಕ್ಕೆ ತೆರೆದುಕೊಂಡಿತು, ಹೆಸರು ಮತ್ತು ಜನ್ಮದಿನಾಂಕ ಕೇಳಿತು.

*

ಆ ವಾರವೇ ಒಂದು ದಿನವಿಡೀ ಕರೆಂಟಿರಲಿಲ್ಲ. ಶಾಲೆಯಿಂದ ಬಂದು ರಜಿಲ ಡಬ್ಬವನ್ನು ಎಬ್ಬಿಸಿದಾಗ ಮೂವತ್ತೆಂಟು ದೂರು ಕಾದಿದ್ದವು. ಕೊನೆಯದು: 'ಶೈಜಿತ್ ಇದ್ದಾಗ ಹೀಗಾಗುತ್ತಿರಲಿಲ್ಲ.'

ಅವಳು ಅದನ್ನು ಎರಡು ಸಲ ಓದಿದಳು. ನಂತರ ಬರೆದಳು: 'ಕಟ್ಟಳೆಯಂತೆ ಮೂರು ತಿಂಗಳು ಮೊದಲೇ ತಿಳಿಸುತ್ತಿದ್ದೇನೆ. ಏಪ್ರಿಲ್ ಹತ್ತಕ್ಕೆ ಕೋಲಾಯ ಮುಚ್ಚುತ್ತದೆ. ಬೇರೆ ಜಗಲಿ ಹುಡುಕಿಕೊಳ್ಳಿ. ಶೈಜಿತ್ ಇಲ್ಲ.'

ಅನ್ನ ಬಡಿಸುವಾಗ ಮನೆಯವರಿಗೂ ಹೇಳಿದಳು.

“ಅಬ್ಬ,” ಅಂದ ಪ್ರಜಿಲ್. “ಏಪ್ರಿಲ್ ಹತ್ತು ಯಾಕೆ, ನಾಳೆಯೇ ಮಾಡಿ.”

“ಮೂರು ತಿಂಗಳು ಅಂದ್ರೆ ಮೂರು ತಿಂಗಳು.”

ಮಾಧವಿ ಅನ್ನದಲ್ಲಿ ಬೆರಳಿಟ್ಟು ಕೂತಿದ್ದರು. “ಅವನು ಬರೆದದ್ದೆಲ್ಲ?” ಅಂದರು.

“ಒಂದು ಪೆನ್‌ಡ್ರೈವ್‌ಗೆ ಇಳಿಸಿಡ್ತೀನಿ.”

“ಪೆನ್‌ಡ್ರೈವ್‌ನ ನಾನೇನು ಕುತ್ತಿಗೆಗೆ ಕಟ್ಕೊಳ್ಲಾ?”

“ನೀವೇ ಅಲ್ವಾ ಅಮ್ಮ ಅದನ್ನ ಡಬ್ಬ ಅಂದಿದ್ದು? ನಿಮ್ಮ ಫ್ಯಾನು ನಿಮಗೆ ಬರತ್ತೆ.”

ಮರುದಿನ ಮಾಧವಿ ರಜಿಲಳ ಬುತ್ತಿಗೆ ಉಪ್ಪಿನಕಾಯಿ ಹಾಕಲಿಲ್ಲ. ಅದರ ಮರುದಿನ ಅವಳ ಸೀರೆಯೊಂದನ್ನು ಬಿಟ್ಟು ಉಳಿದ ಬಟ್ಟೆಗಳನ್ನೆಲ್ಲ ಮಡಚಿಟ್ಟಿದ್ದರು.

ಕೋಲಾಯದಲ್ಲಿ ಬೆಂಕಿ ಬಿದ್ದಿತ್ತು. ಇದು ಜನರ ಆಸ್ತಿ, ಒಬ್ಬಳ ಇಷ್ಟಕ್ಕೆ ಮುಚ್ಚುವುದು ಯಾವ ನ್ಯಾಯ ಎಂದು ಒಬ್ಬ. ದೊಡ್ಡ ಕಂಪನಿಗೂ ಇವಳಿಗೂ ಏನು ವ್ಯತ್ಯಾಸ ಎಂದು ಇನ್ನೊಬ್ಬ. ವೇಣು ಮಾಷ್ ಸ್ವಾತಂತ್ರ್ಯದ ಬಗ್ಗೆ ಹನ್ನೆರಡು ಭಾಗಗಳ ಲೇಖನ ಬರೆದರು. ಎಲ್ಲವನ್ನೂ ರಜಿಲ ಓದಿದಳು. ಅಳಿಸುವ ಹಕ್ಕಿದ್ದರೂ ಅಳಿಸಲಿಲ್ಲ. ಮಸ್ಕತ್ತಿನಲ್ಲಿ ನರ್ಸ್ ಆಗಿರುವ ಶಮೀನ ಎಂಬವಳು ಮಾತ್ರ ಅಕ್ಕನನ್ನು ಕೇಳುವ ಹಾಗೆ ಒಂದು ಪ್ರಶ್ನೆ ಕೇಳಿದ್ದಳು: 'ನೀವು ದಿನಾ ಏನೇನು ಮಾಡಬೇಕಾಗುತ್ತೆ ಚೇಚಿ?' ಅದು ಗಲಾಟೆಯಲ್ಲಿ ಎಲ್ಲೋ ಹೂತುಹೋಯಿತು.

ಮುಚ್ಚುವ ಸುದ್ದಿ ಹಬ್ಬಿದ ಮೇಲೆ ಸುಳ್ಳು ಖಾತೆಗಳು ನುಗ್ಗತೊಡಗಿದವು. ಕಾವಲಿಲ್ಲದ ಜಗಲಿಯ ವಾಸನೆ ಅವುಗಳಿಗೆ ಹೇಗೋ ಹತ್ತುತ್ತದೆ. ಹೆಸರಿಲ್ಲದವು, ಮುಖವಿಲ್ಲದವು, ಮನುಷ್ಯರೇ ಅಲ್ಲದವು. ಫೆಬ್ರವರಿ ಪೂರ್ತಿ ಅವಳು ಬೆಳಿಗ್ಗೆ ಅವನ್ನೇ ಕಿತ್ತಳು. ಒಂದು ದಿನ ವಿಚಿತ್ರದ್ದೊಂದು ಸಿಕ್ಕಿತು. ಹೆಸರಿನ ಜಾಗದಲ್ಲಿ ನಾಲ್ಕು ಅಕ್ಷರ, ಒಂದು ಅಂಕಿ. ಚಿತ್ರವಿಲ್ಲ. ಒಂದು ಸಾಲೂ ಬರೆದಿಲ್ಲ. ಯಾರ ಜೊತೆಗೂ ಮಾತಿಲ್ಲ. ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ಬಂದು, ಶೈಜಿತ್‌ನ ಹಳೆಯ ಬರಹಕ್ಕೊಂದು ಮೆಚ್ಚುಗೆಯ ನಕ್ಷತ್ರ ಒತ್ತಿ ಹೋಗುತ್ತಿತ್ತು. ದಿನಕ್ಕೆ ಒಂದೇ. ಮೊದಲ ವರ್ಷದಿಂದ ಕ್ರಮವಾಗಿ, ಒಂದನ್ನೂ ಬಿಡದೆ. ಹದಿಮೂರು ತಿಂಗಳಿಂದ.

ಸತ್ತವನ ಬರಹವನ್ನು ಯಂತ್ರವೊಂದು ಎಣಿಸುತ್ತಿದೆ ಅನ್ನಿಸಿ ಅವಳ ಮೈ ಉರಿಯಿತು. ವಿಮೆಯ ಹುಡುಗನ ನಗು ಕಣ್ಣ ಮುಂದೆ ಬಂತು. ಖಾತೆಯನ್ನು ಬೇರುಸಮೇತ ತೆಗೆದು ಹಾಕಿ, ಅಕ್ಕಿ ತೊಳೆಯಲು ಹೋದಳು.

*

ಸಂಜೆ ಶಾಲೆಯಿಂದ ಬಂದಾಗ ಅಂಗಳದಲ್ಲಿ ಒಣಗಿದ ಬಟ್ಟೆ ಹಾಗೇ ಇತ್ತು. ಚಹಾ ಇಟ್ಟಿರಲಿಲ್ಲ. ಮಾಧವಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು, ಫೋನು ಮಡಿಲಲ್ಲಿ. ಅಮೇಯ ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು.

“ಅಮ್ಮ, ಅಚ್ಛಮ್ಮನ ಕೋಲಾಯ ತೆರೀತಾ ಇಲ್ಲ. ನಿಮ್ಮನ್ನ ತೆಗೆದುಹಾಕಲಾಗಿದೆ ಅಂತ ಬರತ್ತೆ.”

“ಯಾವ ಕೋಲಾಯ?”

“ನಾನೇ ಮಾಡಿಕೊಟ್ಟಿದ್ದು. ಹೆಸರು ಹಾಕ್ಬೇಡ ಅಂದ್ರು ಅಚ್ಛಮ್ಮ. ಅದಕ್ಕೆ ಸುಮ್ನೆ ಸಿಕ್ಕಿದ ಅಕ್ಷರ ಒತ್ತಿದ್ದೆ.”

ರಜಿಲ ಚೀಲವನ್ನು ಕೆಳಗಿಡಲು ಮರೆತಳು.

“ಸೊಸೆ ಅತ್ತೇನ ಮನೆಯಿಂದ ಆಚೆ ಹಾಕೋದು ಕೇಳಿದ್ದೆ,” ಅಂದರು ಮಾಧವಿ, ತಲೆಯೆತ್ತದೆ. “ಮಗನ ಮಾತಿಂದ ಆಚೆ ಹಾಕೋದು ಇವತ್ತು ನೋಡಿದೆ.”

“ನನಗೆ ಗೊತ್ತಿರಲಿಲ್ಲ. ಯಂತ್ರ ಅಂದ್ಕೊಂಡೆ.”

“ನಾನು ಯಂತ್ರ.”

“ದಿನಕ್ಕೊಂದು ನಕ್ಷತ್ರ, ಮೂರು ಗಂಟೆಗೆ ಸರಿಯಾಗಿ. ಮನುಷ್ಯರು ಹಾಗೆ ಓದ್ತಾರಾ?”

“ಪಾತ್ರೆ ತೊಳೆದಾಗೋದು ಮೂರು ಗಂಟೆಗೆ. ಓದಿದ್ದು ಯಾವುದು ಅಂತ ಗುರುತು ಬೇಡ್ವಾ? ಒಂದೇ ದಿನ ಎಲ್ಲಾ ಓದಿಬಿಟ್ರೆ ಮುಗಿದುಹೋಗಲ್ವಾ ಅವನು?”

ಹೊರಗೆ ಯಾರದೋ ಸ್ಕೂಟರ್ ಹೋಯಿತು. ರಜಿಲಳ ದನಿ ತಾನಾಗಿ ಏರಿತು.

“ಒಂದು ಮಾತು ಹೇಳಬಹುದಿತ್ತಲ್ಲ ಅಮ್ಮ. ಹದಿಮೂರು ತಿಂಗಳು! ನಾನು ಐದಕ್ಕೆದ್ದು ಮೇಲೆ ಹೊಲಸು ಬಾಚುವಾಗ ಕೆಳಗಿಂದ ಪಾತ್ರೆ ತಳ ಹಿಡೀತು ಅಂತೀರಿ. ಡಬ್ಬ ಅಂತೀರಿ. ನೀವು ಓದ್ತೀರಿ ಅಂತ ಗೊತ್ತಿದ್ರೆ...”

“ಗೊತ್ತಿದ್ರೆ ಏನು? ಅವನ ಹೆಸರೆತ್ತಿದ್ರೆ ನೀನು ತಟ್ಟೆ ಹಿಡಿದು ಏಳ್ತೀಯ. ಯಾರಿಗೆ ಹೇಳ್ಲಿ?”

“ಎದ್ದು ಹೋಗದೆ ಏನು ಮಾಡ್ಲಿ? ನನ್ನ ಕೇಳಿ ಬರೆದನಾ ಅವನು, ಎರಡನೇ ಕೀಲಿ ಅಂತ? ಅವನು ಕರೆದು ಕೂರಿಸಿದ ನೆಂಟರು, ಅವನು ಹೋದ ಮೇಲೂ ಎದ್ದಿಲ್ಲ, ಎಂಜಲೆಲೆ ನನ್ನದು. ಆರುನೂರ ಹತ್ತು ಜನ! ಒಬ್ಬ, ಒಬ್ಬನಾದ್ರೂ ಎಲೆ ಎತ್ತಿದನಾ?”

ಅಮೇಯ ಅಳತೊಡಗಿದಳು. ಮಾಧವಿ ಅವಳನ್ನು ಎಳೆದು ಕೂರಿಸಿಕೊಂಡರು. ಅವಳ ಕಣ್ಣೊರೆಸಿ ಕೇಳಿದರು:

“ಆ ಡಬ್ಬಕ್ಕೆ ದಿನಾ ಏನು ಮಾಡಬೇಕು ನೀನು?”

ಶಮೀನ ಕೇಳಿದ್ದ ಅದೇ ಪ್ರಶ್ನೆ. ರಜಿಲ ಗೋಡೆಗೆ ಒರಗಿ ಹೇಳಿದಳು. ಹೊಲಸು ಅಳಿಸಬೇಕು, ಒಳಗೆ ಬರುವವರು ಮನುಷ್ಯರೇ ಎಂದು ನೋಡಬೇಕು, ತಂತ್ರಾಂಶಕ್ಕೆ ತೇಪೆ ಹಾಕಬೇಕು, ಎಲ್ಲದರ ನಕಲು ತೆಗೆದಿಡಬೇಕು. ಬಿಸಿಯಾಗಿ ನಿಂತರೆ ಗುಂಡಿ ಒತ್ತಿ ಎಬ್ಬಿಸಬೇಕು. ದೂರಿಗೆ ಉತ್ತರ ಬರೆಯಬೇಕು, ಸಿಟ್ಟು ಬರದ ಹಾಗೆ.

“ಹಬ್ಬಕ್ಕೂ ರಜೆ ಇಲ್ಲ?”

“ಇಲ್ಲ.”

ಮಾಧವಿಯ ಬೆರಳುಗಳು ಮೊಮ್ಮಗಳ ಜಡೆಯ ತುದಿಯನ್ನು ಸುತ್ತಿ ಸುತ್ತಿ ಬಿಡುತ್ತಿದ್ದವು. “ಚಹಾ ಇಡು,” ಅಂದರು. “ನನಗೂ.”

ಆ ರಾತ್ರಿ ರಜಿಲ ಖಾತೆಯನ್ನು ಮರಳಿ ಹಾಕಿದಳು. ನಕ್ಷತ್ರಗಳು ಅಳಿಸಿಹೋಗಿದ್ದವು.

*

ಮಾರ್ಚ್ ಮೊದಲ ಶನಿವಾರ ವೇಣು ಮಾಷ್ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಹಿಡಿದು ಬಂದರು. ನಿವೃತ್ತ ಮೇಷ್ಟ್ರು, ಶೈಜಿತ್‌ನ ಗುರು, ಕೋಲಾಯದ ಮೊದಲ ಸದಸ್ಯ. ಮನೆ ಊರ ವಾಚನಾಲಯದ ಪಕ್ಕದಲ್ಲಿ. ಮಾತು ಶುರುವಾದರೆ ನಿಲ್ಲಿಸಲು ಗಂಟೆ ಬಾರಿಸಬೇಕಿತ್ತು.

“ನೋಡು ಮೋಳೇ, ಇದು ಬರೀ ಯಂತ್ರ ಅಲ್ಲ. ಕಂಪನಿಗಳ ಕೈಯಿಂದ ಮನುಷ್ಯನ ಮಾತನ್ನ ಬಿಡಿಸೋ ಹೋರಾಟ. ಶೈಜಿತ್ ಒಂದು ದೀಪ ಹಚ್ಚಿದ. ಅದನ್ನ ಆರಿಸೋ ಹಕ್ಕು...”

“ಎಣ್ಣೆ ಯಾರು ಹಾಕ್ತಾ ಇದ್ದಾರೆ ಮಾಷೇ?” ಮಾಧವಿ ಚಹಾದ ಲೋಟ ಇಡುತ್ತಾ ಕೇಳಿದರು.

“ದೇಣಿಗೆ ಎತ್ತೋಣ ಮಾಧವಿಯಮ್ಮ. ಒಂದು ಸಮಿತಿ ಮಾಡಿ...”

“ದುಡ್ಡು ಕೇಳಿದ್ನಾ ನಾನು?”

ಅವರು ಒಳಗೆ ಹೋಗಿ ಅಟ್ಟದ ಮೇಲಿನ, ಬೀಡಿ ಕಟ್ಟುತ್ತಿದ್ದ ಹಳೆಯ ಮೊರ ತಂದರು. ಹೊಗೆಸೊಪ್ಪಿನ ಕಂದು ಅದರ ಬಿದಿರಿಗೆ ಹತ್ತಿ ಉಳಿದಿತ್ತು. ಮಾಷ್‌ರ ಮುಂದೆ, ಚಿಪ್ಸಿನ ಪಕ್ಕ ಇಟ್ಟರು.

“ಮಂಗಳೂರಿನ ಬೀಡಿ ಕಂಪನಿ ಬಾಗಿಲು ಹಾಕ್ಕೊಂಡು ಹೋದಾಗ ನಾವು ಕಟ್ಟುವವರೇ ಸೇರಿ ಸಂಘ ಮಾಡಿದ್ವಿ. ಆ ಭಾಷಣ ನಿಮ್ಮ ಬಾಯಲ್ಲಿ ಎಷ್ಟು ಸಲ ಕೇಳಿದ್ದೀನೋ. ಶೆಡ್ಡಿನಲ್ಲಿ ನಲವತ್ತು ಜನ. ಒಬ್ಬ ಪೇಪರ್ ಓದೋವ್ನು, ನಾವು ಕೈ ಆಡಿಸ್ತಾ ಕೇಳೋದು. ಓದೋವ್ನ ಹೆಸರು ಕೋರನ್. ಅವನು ಓದ್ತಾ ಕೂತ್ರೆ ಅವನ ಬೀಡಿ ಯಾರು ಕಟ್ಟೋದು?”

“ಉಳಿದವರು ಕಟ್ಟಿ ಕೊಡ್ತಿದ್ರು. ಗೊತ್ತಲ್ಲ, ಅದು ನಮ್ಮ ಚರಿತ್ರೆ...”

“ಚರಿತ್ರೆ ಬಿಡಿ. ಸಂಜೆ ಅವನ ಮೊರ ಖಾಲಿ ಇರ್ತಿರಲಿಲ್ಲ. ಯಾರೂ ಹೇಳ್ಬೇಕಾಗಿರಲಿಲ್ಲ. ನನ್ನ ಮಗ ನಿಮಗೆಲ್ಲ ಓದಿದ, ಆರು ವರ್ಷ. ಈಗ ಇವಳು. ಆರುನೂರು ಜನ ಕೇಳ್ತಾ ಕೂತಿದ್ದೀರಿ.” ಅವರು ಮೊರವನ್ನು ಬೆರಳಿನಿಂದ ತಟ್ಟಿದರು. “ನೀವು ಎಷ್ಟು ಕಟ್ಟಿ ಹಾಕಿದ್ರಿ?”

ಮಾಷ್ ಮೊರವನ್ನು ನೋಡಿದರು, ರಜಿಲಳನ್ನು ನೋಡಿದರು.

“ನನಗೆ ತಾಂತ್ರಿಕ ವಿಷಯ ಅಷ್ಟಾಗಿ...”

“ಇವಳಿಗೂ ಬರ್ತಿರಲಿಲ್ಲ. ನನ್ನ ಮಗ ಬರೆದಿಟ್ಟ ಚೀಟಿ ಅಕ್ಕಿಯ ಕಾರ್ಡಿನಲ್ಲಿತ್ತು. ಅದನ್ನ ಹಿಡ್ಕೊಂಡು ತಾನೇ ಕಲಿತಳು. ನೀವು ಇಡೀ ಊರಿಗೆ ಕಲಿಸಿದ ಮಾಷ್.”

ರಜಿಲ ಅಂದು ಸಂಜೆ ಎರಡನೇ ಪ್ರಕಟಣೆ ಬರೆದಳು. ಮಾಡಬೇಕಾದ ಕೆಲಸಗಳನ್ನು ಅಡುಗೆಮನೆಯಲ್ಲಿ ಹೇಳಿದ ಹಾಗೆಯೇ ಬರೆದಳು. 'ವಾರಕ್ಕೆ ಏಳು ದಿನ. ಒಂದು ದಿನ ನನ್ನದು. ಉಳಿದ ಆರಕ್ಕೆ ಏಪ್ರಿಲ್ ಹತ್ತರೊಳಗೆ ಹೆಸರು ಬಾರದಿದ್ದರೆ ಹೇಳಿದಂತೆ ಮುಚ್ಚುತ್ತೇನೆ. ಮೇಣದಬತ್ತಿ ಬೇಡ.'

ಮೊದಲ ಹೆಸರು ಶಮೀನಳದು: 'ಶುಕ್ರವಾರ ನನಗೆ ರಜೆ. ಅದು ನನ್ನದು.' ಆಮೇಲೆ ಇಬ್ಬರು ಕಾಲೇಜು ಹುಡುಗಿಯರು ಸೇರಿ ಶನಿವಾರ. ಎರಡು ವಾರ ಯಾರೂ ಇಲ್ಲ. ಆ ಎರಡು ವಾರದಲ್ಲಿ ಇನ್ನೂರು ಜನ ಸದ್ದಿಲ್ಲದೆ ಬೇರೆ ಜಗಲಿಗಳಿಗೆ ಎದ್ದು ಹೋದರು. ಇದು ಜನರ ಆಸ್ತಿ ಎಂದವನು ಮೊದಲಿಗೇ ಹೋಗಿದ್ದ. ಆಮೇಲೆ ಒಂದೊಂದೇ ಹೆಸರು ಬಂದು, ಏಪ್ರಿಲ್ ಎಂಟರ ಹೊತ್ತಿಗೆ ಸೋಮವಾರವೊಂದೇ ಖಾಲಿ ಉಳಿಯಿತು. ಗುರುವಾರಕ್ಕೆ ವೇಣು ಮಾಷ್ ಹೆಸರು ಕೊಟ್ಟಿದ್ದರು, ಮೂರು ಪುಟದ ಮುನ್ನುಡಿಯೊಂದಿಗೆ.

“ಕೋಣೆ ಬೇಕು ಅಂದೆಯಲ್ಲ,” ಮಾಧವಿ ಪ್ರಜಿಲ್‌ಗೆ ಮೀನು ಬಡಿಸುತ್ತಾ ಅಂದರು. “ಡಬ್ಬ ವಾಚನಾಲಯಕ್ಕೆ ಹೋಗತ್ತೆ. ಸೋಮವಾರ ನಿನ್ನದು.”

“ನನ್ನದಾ? ಅಮ್ಮ, ನನಗೆ ಲಕ್ಷ ಜನ...”

“ಲಕ್ಷ ಜನಕ್ಕೆ ಮೀನು ಯಾರು ಕರೀತಾರೆ?”

ಅವನು ಅತ್ತಿಗೆಯ ಕಡೆ ತಿರುಗಿದ. “ಏಡತ್ತೀ, ಇದು ಬ್ಲ್ಯಾಕ್‌ಮೇಲು.”

“ಹೌದು,” ಅಂದಳು ರಜಿಲ. “ಮುಳ್ಳು ನೋಡ್ಕೊಂಡು ತಿನ್ನು.”

*

ವಿಷು ಹಬ್ಬ ಕಳೆದ ಮೊದಲ ಗುರುವಾರ. ಶಾಲೆಗೆ ರಜೆ. ಮಧ್ಯಾಹ್ನದ ಪಾತ್ರೆಗಳನ್ನು ತೊಳೆದು ಕವುಚಿ ಹಾಕಿ ಆಗಿತ್ತು. ಟೇಬಲ್ ಫ್ಯಾನು ಈಗ ಕೆಳಗೆ ಮಾಧವಿಯ ಮಂಚದ ಕಡೆ ತಿರುಗುತ್ತಿತ್ತು. ಮಾಧವಿ ಕನ್ನಡಕ ಹಾಕಿಕೊಂಡು ಫೋನು ತೆಗೆದರು. ಮೂರು ಗಂಟೆ. ಸ್ವಲ್ಪ ಹೊತ್ತು ನೋಡಿದರು. ಬೆರಳಿನಿಂದ ಎಳೆದರು, ಮತ್ತೆ ಎಳೆದರು.

“ತೆರೀತಾ ಇಲ್ಲ.”

ರಜಿಲಳ ಫೋನು ಆಗಲೇ ನಾಲ್ಕು ಸಲ ಟಣ್ ಎಂದಿತ್ತು. 'ಕೋಲಾಯ ನಿಂತಿದೆ. ಯಾರಾದರೂ ಇದ್ದೀರಾ?' ಸೆಕೆಗೆ ಡಬ್ಬ ಬಿಸಿಯಾಗಿ ನಿಂತಿರಬೇಕು. ವಾಚನಾಲಯಕ್ಕೆ ಹತ್ತು ನಿಮಿಷದ ದಾರಿ, ಗುಂಡಿ ಒತ್ತಲು ಒಂದು ಗಳಿಗೆ. ಅವಳ ಕಾಲು ಚಪ್ಪಲಿಯ ಕಡೆ ಹೋಯಿತು.

“ಇವತ್ತು ಯಾರದು?” ಮಾಧವಿ ಕೇಳಿದರು.

“ಮಾಷ್‌ದು. ಯಾವುದೋ ಮದುವೆಗೆ ಹೋಗಿದ್ದಾರಂತೆ. ನಾನು ಹೋಗಿ ಒಂದು ಸಲ...”

“ಕೂತ್ಕೋ.”

“ನೀವು ಓದೋ ಹೊತ್ತು ಅಮ್ಮ.”

“ಇವತ್ತು ಅವನು ಏನೂ ಹೇಳಲ್ಲ. ನಾಳೆ ಹೇಳ್ತಾನೆ. ಕೂತ್ಕೋ ಅಂದೆ.”

ರಜಿಲ ಮಂಚದ ತುದಿಯಲ್ಲಿ ಕೂತಳು. ಫೋನು ಮತ್ತೆ ಟಣ್ ಅಂದಿತು. ಅದನ್ನು ಕವುಚಿ ಹಾಕಿದಳು. ಫ್ಯಾನು ಇಬ್ಬರ ಮೇಲೂ ಒಮ್ಮೊಮ್ಮೆ ಹಾಯುತ್ತಿತ್ತು.

ಮಾಧವಿ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಂಕಿ ಒತ್ತಿ, ಫೋನನ್ನು ಕಿವಿಗಿಟ್ಟರು. ಆ ಕಡೆ ಮದುವೆಮನೆಯ ವಾದ್ಯ, ಜನ, ತಟ್ಟೆಗಳ ಸದ್ದು ರಜಿಲಳಿಗೂ ಕೇಳುತ್ತಿತ್ತು.

“ಮಾಷೇ, ಊಟ ಆಯ್ತಾ? ಆಯ್ತು ತಾನೇ. ಪಾಯಸ ಎಷ್ಟು ಥರ?” ಅವರು ಉತ್ತರವನ್ನು ಪೂರ್ತಿ ಕೇಳಿಸಿಕೊಂಡರು. “ಒಳ್ಳೇದು. ಕೈ ತೊಳ್ಕೊಂಡು ಬನ್ನಿ. ಮೊರ ಖಾಲಿ ಇದೆ.”